1791ರಲ್ಲಿ ನಮ್ಮ ಬೆಟ್ಟಗಳು: ನಂದಿ, ರಹಮಾನ್‌ಗಡ, ಅಂಬಾಜಿದುರ್ಗ

ಮೂರನೇ ಆಂಗ್ಲೋ-ಮೈಸೂರು ಯುದ್ಧ ಯಾವಾಗ ನಡೆಯಿತು, ಯಾವ ಒಪ್ಪಂದದಿಂದ ಮುಗಿಯಿತು ಎಂದು ಕೇಳಿದರೆ ನಮ್ಮ ಶಾಲೆಯಲ್ಲಿ ಓದಿದವರು ಯಾರೂ ತಡವರಿಸುವುದಿಲ್ಲ. 1790ರಿಂದ 1792. ಶ್ರೀರಂಗಪಟ್ಟಣ ಒಪ್ಪಂದ. ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆ. ಎರಡು ಅಂಕದ ಪ್ರಶ್ನೆ, ಬರೆದು ಮುಗಿಸಿದೆವು. ಆದರೆ ಅದೇ ಯುದ್ಧದ ಒಂದು ಪಾಲು, ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಬಲಗಡೆಗೋ ಎಡಗಡೆಗೋ ಕಾಣುವ ನಮ್ಮದೇ ಬೆಟ್ಟಗಳಲ್ಲಿ ನಡೆಯಿತು ಎಂಬುದು ಆ ಎರಡು ಅಂಕದಲ್ಲಿ ಸೇರುವುದಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಬಳಗದವರು ಕೇಳಿದಾಗ, ನನ್ನ ಸಾಫ್ಟ್‌ವೇರ್ ಕೆಲಸದ ಬಗ್ಗೆ ಬರೆಯುವುದಕ್ಕಿಂತ ಇದನ್ನು ಬರೆಯುವುದು ವಾಸಿ ಎನಿಸಿತು.

ಈ ವಿಷಯ ನನಗೆ ಸಿಕ್ಕಿದ್ದು ಒಂದು ವಿಚಿತ್ರ ದಾರಿಯಿಂದ. ಬೆಂಗಳೂರಿನಲ್ಲಿ ನಾನು ಕೆಲಸ ಮಾಡುವ ತಂಡಕ್ಕೆ ಲಂಡನ್ನಿನ ಗ್ರಾಹಕ ಸಂಸ್ಥೆಯಿಂದ ಒಬ್ಬರು ಆಗಾಗ ಬರುತ್ತಾರೆ. ಐವತ್ತೈದು ದಾಟಿದವರು. ಅವರಿಗೆ ಒಂದು ಹವ್ಯಾಸ: ಹಳೆಯ ಯುದ್ಧಭೂಮಿಗಳಿಗೆ ಹೋಗಿ, ದುಡ್ಡು ಕೊಟ್ಟು ಒಬ್ಬ ಗೈಡನ್ನು ಇಟ್ಟುಕೊಂಡು, ಇಡೀ ದಿನ ನಡೆದು ನೋಡುವುದು. ಯುರೋಪಿನಲ್ಲಿ ಇದು ದೊಡ್ಡ ಕಸುಬಂತೆ. ಬೆಲ್ಜಿಯಂನ ವಾಟರ್‌ಲೂ, ಫ್ರಾನ್ಸಿನ ಸೋಮ್ ನದಿಯ ಬಯಲು, ಈಪ್ರ್ ಪಟ್ಟಣ ಇಲ್ಲೆಲ್ಲ ನಕ್ಷೆ ಹಿಡಿದು, ಯಾವ ಗಂಟೆಗೆ ಯಾರು ಯಾವ ಪೊದೆಯ ಹಿಂದೆ ನಿಂತಿದ್ದರು ಎಂದು ತೋರಿಸುವ ಗೈಡುಗಳಿದ್ದಾರೆ. ಬೆಂಗಳೂರಿಗೆ ಬಂದಾಗ ಇಲ್ಲಿಯೂ ಅಂಥವರೊಬ್ಬರನ್ನು ಹುಡುಕಿ ಒಂದು ದಿನಕ್ಕೆ ಗೊತ್ತು ಮಾಡಿಕೊಂಡಿದ್ದರು. “ನೀನು ಆ ಕಡೆಯವನಲ್ಲವೇ, ಭಾಷೆಗೆ ಸಹಾಯವಾಗುತ್ತದೆ, ಬಾ” ಎಂದರು. ಆ ಒಂದು ದಿನದ ಶುಲ್ಕ ನನ್ನ ಮೊದಲ ತಿಂಗಳ ಸಂಬಳದ ಮೂರನೇ ಒಂದು ಭಾಗದಷ್ಟಿತ್ತು. ಕೊಟ್ಟವರು ಅವರು; ನೋಡಿದ್ದು ನನ್ನ ಜಿಲ್ಲೆಯನ್ನು ನಾನು.

ಗೈಡ್ ನಿವೃತ್ತ ಸರ್ಕಾರಿ ನೌಕರರು, ಚಿಕ್ಕಬಳ್ಳಾಪುರದ ಕಡೆಯವರು. ಮೊದಲು ನನ್ನನ್ನು “ಸಾರ್” ಎನ್ನುತ್ತಿದ್ದರು. ಊರು ಮುರುಗಮಲ್ಲ ಎಂದು ಹೇಳಿದ ಮೇಲೆ “ಓ, ಅಮ್ಮಜಾನ್ ಬಾವಾಜಾನ್ ದರ್ಗಾದ ಊರೇನಪ್ಪಾ? ಹಂಗಾದ್ರೆ ನಮ್ಮೋರೇ” ಎಂದರು. ಆಮೇಲೆ ದಿನವಿಡೀ ಅವರ ಅರ್ಧ ಮಾತು ಇಂಗ್ಲಿಷಿನಲ್ಲಿ ಆ ಅತಿಥಿಗೆ, ಇನ್ನರ್ಧ ಕನ್ನಡ ತೆಲುಗು ಬೆರೆಸಿ ನನಗೆ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. 1791ರ ಫೆಬ್ರುವರಿಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೇನೆ ನಡೆಸಿಕೊಂಡು ಮೊಗಿಲಿ ಕಣಿವೆಯ ಮೂಲಕ ಘಟ್ಟ ಹತ್ತಿ ಬಂದ. ಕೋಲಾರ, ಹೊಸಕೋಟೆ ಕಾದಾಟವಿಲ್ಲದೆ ಕೈಸೇರಿದವು. ಮಾರ್ಚ್ 7ರಂದು ಬೆಂಗಳೂರಿನ ಪೇಟೆ, ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡುತ್ತಲೇ ಸತ್ತ. ಮಾರ್ಚ್ ಕೊನೆಯಲ್ಲಿ ನಿಜಾಮನ ಕುದುರೆ ಸೇನೆಯನ್ನು ಕೂಡಿಕೊಳ್ಳಲು ಉತ್ತರಕ್ಕೆ ಹೊರಟಾಗ ದೇವನಹಳ್ಳಿ, ಚಿಕ್ಕಬಳ್ಳಾಪುರ ಕೋಟೆಗಳೂ ಶರಣಾದವು. ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಗೆದ್ದರೂ ಮುಂದೆ ಹೋಗಲಾಗಲಿಲ್ಲ. ಮಳೆ, ರೋಗ, ಹಸಿವು. ಬಂಡಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ಹಿಂತಿರುಗಿದ.

ನಮ್ಮ ಬೆಟ್ಟಗಳು ಕಥೆಗೆ ಬರುವುದು ಇಲ್ಲಿ. ಸೋತದ್ದು ಶೌರ್ಯ ಸಾಲದೆ ಅಲ್ಲ, ಅಕ್ಕಿ, ಹುರುಳಿ, ಎತ್ತು ಸಾಲದೆ ಎಂಬುದು ಅವನಿಗೆ ಅರ್ಥವಾಗಿತ್ತು. ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಮದರಾಸಿನಿಂದಲೂ ನಿಜಾಮನ ಕಡೆಯಿಂದಲೂ ಬರುವ ದಾರಿಗಳು ತೆರವಾಗಬೇಕು. ಧಾನ್ಯ ತರುತ್ತಿದ್ದವರು ಬಂಜಾರರು, ನಾವು ಲಂಬಾಣಿಗಳು ಎನ್ನುವವರು. ಸಾವಿರಾರು ಹೇರೆತ್ತುಗಳ ಸಾಲು ಕಟ್ಟಿಕೊಂಡು ಬರುವ ಈ ಜನ ಯಾರ ಸೇನೆಗೆ ಧಾನ್ಯ ಮಾರುತ್ತಾರೋ ಆ ಸೇನೆ ಮುಂದಕ್ಕೆ ಹೋಗುತ್ತಿತ್ತು. ಬೆಟ್ಟದ ಮೇಲಿನ ಒಂದು ಸಣ್ಣ ಠಾಣ್ಯದವರು ಇಳಿದು ಬಂದು ಆ ಸಾಲನ್ನು ಕೊಳ್ಳೆ ಹೊಡೆದರೆ ಕೆಳಗಿನ ಲಕ್ಷ ಜನಕ್ಕೆ ಊಟವಿಲ್ಲ. ನಿಜಾಮನ ಸೇನೆ ಆಗ ಗುರ್ರಂಕೊಂಡವನ್ನು ಮುತ್ತಲು ಹೊರಟಿತ್ತು. ನಾನು ನಕ್ಷೆಯ ಮೇಲೆ ಗುರ್ರಂಕೊಂಡದಿಂದ ಬೆಂಗಳೂರಿಗೆ ಒಂದು ನೇರ ಗೆರೆ ಎಳೆದು ನೋಡಿದೆ. ಅದು ಚಿಂತಾಮಣಿಯ ಪಕ್ಕದಲ್ಲೇ, ಅಂಬಾಜಿದುರ್ಗವನ್ನು ಸವರಿಕೊಂಡು ಹೋಗುತ್ತದೆ. ಗೆರೆ ಎಳೆದ ಮೇಲೆ ಉಳಿದ ವಿವರಣೆ ಬೇಕಾಗಲಿಲ್ಲ.

ಆ ಬೆಟ್ಟಗಳನ್ನು ಹಿಡಿಯಲು ಕಳಿಸಿದ್ದು ಮೇಜರ್ ಗೌಡಿ ಎಂಬ ಅಧಿಕಾರಿಯನ್ನು. (ಹೆಸರು ಕೇಳಿ ನಮ್ಮ ಗೌಡರ ಪೈಕಿ ಯಾರೋ ಎಂದುಕೊಳ್ಳಬೇಡಿ, ಕಂಪನಿಯ ಮದರಾಸ್ ಸೇನೆಯವನು.) ಅವನು ಮೊದಲು ಬಂದದ್ದು ರಹಮಾನ್‌ಗಡಕ್ಕೆ, ನಂತರ ಅಂಬಾಜಿದುರ್ಗ, ಚಿಲ್ಲಂಕೋಟೆ, ಕೊನೆಗೆ ನಂದಿದುರ್ಗ. ನಮ್ಮ ಪ್ರವಾಸ ಮಾತ್ರ ಉಲ್ಟಾ ಕ್ರಮದಲ್ಲಿ ನಡೆಯಿತು. ಬೆಂಗಳೂರಿನಿಂದ ಹೊರಟರೆ ನಂದಿಯೇ ಮೊದಲು ಸಿಗುವುದು.

ಬೆಳಿಗ್ಗೆ ಆರಕ್ಕೆ ದೇವನಹಳ್ಳಿ ಕೋಟೆಯನ್ನು ಹಾಗೇ ಸುತ್ತಿ, ಟಿಪ್ಪು ಹುಟ್ಟಿದ ಜಾಗ ಎನ್ನುವ ಕಟ್ಟೆಯ ಬಳಿ ಎರಡು ನಿಮಿಷ ನಿಂತು, ಎಂಟಕ್ಕೆಲ್ಲ ನಂದಿ ಬೆಟ್ಟ ಹತ್ತಿದೆವು. ನಂದಿಗೆ ಹೋಗದ ಚಿಕ್ಕಬಳ್ಳಾಪುರ ಜಿಲ್ಲೆಯ ವಿದ್ಯಾರ್ಥಿ ಇರಲಾರ. ಎಲ್ಲರೂ ನೋಡುವುದು ಟಿಪ್ಪು ಡ್ರಾಪ್, ಅಮೃತ ಸರೋವರ, ಯೋಗನಂದೀಶ್ವರ, ನೆಹರೂ ನಿಲಯ. ಕೋತಿಗಳಿಗೆ ಚುರುಮುರಿ ಕಳೆದುಕೊಂಡು ವಾಪಸ್ಸು. ಅತಿಥಿ ಇವ್ಯಾವುದನ್ನೂ ಕೇಳಲಿಲ್ಲ. ನೇರವಾಗಿ “ಪಶ್ಚಿಮದ ಗೋಡೆ ಎಲ್ಲಿ?” ಎಂದರು.

ನಂದಿ ಸಮುದ್ರಮಟ್ಟದಿಂದ 4,851 ಅಡಿ ಎತ್ತರದಲ್ಲಿದೆ. ಮೂರು ಕಡೆ ಕಡಿದಾದ ಬಂಡೆ, ಹತ್ತುವ ಮಾತೇ ಇಲ್ಲ. ಪಶ್ಚಿಮದ ಕಡೆ ಮಾತ್ರ ಮನುಷ್ಯ ತೆವಳಿಕೊಂಡಾದರೂ ಹತ್ತಬಹುದಾದ ಇಳಿಜಾರು. ಆದ್ದರಿಂದಲೇ ಅಲ್ಲಿ ಒಂದರ ಹಿಂದೆ ಒಂದು ಎರಡು ಗೋಡೆ. ಒಳಗೆ ಟಿಪ್ಪುವಿನ ಕಡೆಯ ಸೇನಾಧಿಕಾರಿ ಲುತ್ಫ್ ಅಲಿ ಬೇಗ್. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಮುತ್ತಿಗೆ ಶುರುವಾಯಿತು. ಫಿರಂಗಿ ಹೊಡೆಯಲು ಮೊದಲು ಪಕ್ಕದ ಗುಡ್ಡಕ್ಕೆ ಕಷ್ಟಪಟ್ಟು ದಾರಿ ಕಡಿದರು. ಅಲ್ಲಿಂದ ಗುಂಡು ಗೋಡೆಯನ್ನು ಒಡೆಯುವಷ್ಟು ಹತ್ತಿರವಿರಲಿಲ್ಲ. ಆಮೇಲೆ ಬೇರೆ ಉಪಾಯವಿಲ್ಲದೆ ನಂದಿಯ ಮೈಮೇಲೆಯೇ, ಬಂಡೆಗಳ ನಡುವೆ, ಮೇಲಿನಿಂದ ಗುಂಡು ಬೀಳುತ್ತಿರುವಾಗಲೇ ದಾರಿ ಮಾಡಿದರು. ಆ ದಾರಿಯಲ್ಲಿ ಫಿರಂಗಿಗಳನ್ನು ಏರಿಸಿದ್ದು ಆನೆಗಳು. ಮನುಷ್ಯರೂ ಎತ್ತುಗಳೂ ಸೇರಿ ಎಳೆದರೂ ಬಾರದ ಚಕ್ರವನ್ನು ಆನೆ ಹಣೆಯಿಂದ ಒತ್ತಿ, ಸೊಂಡಿಲಿನಿಂದ ಎತ್ತಿ ಸರಿಸುವುದು ಆ ಕಾಲದ ಯುದ್ಧಗಳಲ್ಲಿ ಸಾಮಾನ್ಯ ನೋಟವಾಗಿತ್ತು.

ಗೈಡ್ ನಮ್ಮನ್ನು ಗೋಡೆಯ ಅಂಚಿಗೆ ಕರೆದುಕೊಂಡು ಹೋಗಿ ಕೆಳಗೆ ನೋಡಲು ಹೇಳಿದರು. ನಾನು ಅದೇ ಜಾಗದಲ್ಲಿ ಶಾಲಾ ಪ್ರವಾಸದ ದಿನ ಚಿತ್ರಾನ್ನ ತಿಂದ ನೆನಪು. ಅಂದು ಮೋಡ ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಈಗ ಇಳಿಜಾರನ್ನು ನೋಡಿದರೆ, ಮೈಮೇಲೆ ಬಂದೂಕು, ಮದ್ದಿನ ಚೀಲ ಹೊತ್ತು ಕತ್ತಲಲ್ಲಿ ಇದನ್ನು ಹತ್ತಿದವರ ಎದೆ ಹೇಗಿರಬೇಕು ಎನಿಸಿತು. ಹಾಗೆಯೇ ಮೇಲಿದ್ದವರದೂ. ಮೂರು ವಾರ ಪ್ರತಿ ದಿನ ಕೆಳಗಿನ ದಾರಿ ಒಂದೊಂದು ಮಾರು ಹತ್ತಿರ ಬರುವುದನ್ನು ಅವರು ನೋಡುತ್ತಿದ್ದರು.

ಗೋಡೆಯಲ್ಲಿ ಎರಡು ಕಡೆ ಒಡಕು ಬಿತ್ತು. ಅಕ್ಟೋಬರ್ 18ರಂದು ಕಾರ್ನ್‌ವಾಲಿಸ್ ಮುಖ್ಯ ಸೇನೆಯನ್ನೂ ಬೆಟ್ಟದ ಸಮೀಪಕ್ಕೆ ತಂದ. ಒಳಗಿನವರು ಅದನ್ನು ನೋಡಿ ಹೆದರಲಿ ಎಂಬುದೂ ಒಂದು ಉದ್ದೇಶ. ದಾಳಿಯ ಹೊಣೆ ಜನರಲ್ ಮೆಡೋಸ್‌ನದು. ಚಂದ್ರ ಮೂಡುವವರೆಗೆ ಕಾದು, ನಡುರಾತ್ರಿ ದಾಟಿದ ಮೇಲೆ, ಅಂದರೆ 19ರ ನಸುಕಿನಲ್ಲಿ, ನುಗ್ಗುವುದು ಎಂದು ನಿಶ್ಚಯವಾಯಿತು.

ಈ ಚಂದ್ರನ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆದು, ಅಮಾವಾಸ್ಯೆಗಳನ್ನು 1791ರವರೆಗೆ ಹಿಂದಕ್ಕೆ ಲೆಕ್ಕ ಹಾಕಿದೆ. ಅಕ್ಟೋಬರ್ 19 ಹುಣ್ಣಿಮೆ ಕಳೆದು ಸುಮಾರು ಎಂಟನೇ ದಿನ. ಅರ್ಧ ಚಂದ್ರ ಮೂಡುವುದೇ ನಡುರಾತ್ರಿಯ ಹೊತ್ತಿಗೆ. ಲೆಕ್ಕ ಸರಿಹೋಯಿತು. ಇನ್ನೊಂದು ಸಂಗತಿಯೂ ಹೊರಬಿತ್ತು: ಮುಂದಿನ ಅಮಾವಾಸ್ಯೆ ಆಶ್ವಯುಜದ್ದು. ಎಂದರೆ ನಂದಿ ಬಿದ್ದದ್ದು ದೀಪಾವಳಿಗೆ ಸುಮಾರು ಒಂದು ವಾರ ಮುಂಚೆ, ಮುತ್ತಿಗೆಯ ನಡುವೆ ಮಹಾನವಮಿ ಬಂದು ಹೋಗಿತ್ತು. ಇಂಗ್ಲಿಷ್ ತಾರೀಖಿನಲ್ಲಿ ಓದಿದರೆ ಇದು ಯಾರದೋ ಯುದ್ಧ. ಪಂಚಾಂಗಕ್ಕೆ ಇಳಿಸಿಕೊಂಡರೆ, ಹೊಲದಲ್ಲಿ ರಾಗಿ ತೆನೆ ಬಿಡುವ ಕಾಲ, ಹಬ್ಬಕ್ಕೆ ಮಗಳನ್ನು ಕರೆಸಿಕೊಳ್ಳುವ ಕಾಲ. ಕೆಳಗಿನ ನಂದಿ ಗ್ರಾಮ, ಸುಲ್ತಾನ್‌ಪೇಟೆ, ಸುತ್ತಲ ಹಳ್ಳಿಗಳ ಜನ ಎಲ್ಲಿದ್ದರು?

ದಾಳಿ ಆರಂಭವಾದದ್ದು ಮೇಲಿನವರಿಗೆ ತಿಳಿದ ಕೂಡಲೇ ಕೋಟೆಯುದ್ದಕ್ಕೂ ಬೆಳಕು ಹೊತ್ತಿತು, ತೋಪು ಬಂದೂಕುಗಳು ಸಿಡಿದವು. ಆದರೆ ಹತ್ತುವವರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಮದ್ದುಗುಂಡಲ್ಲ, ಕಲ್ಲು. ಮೇಲಿನಿಂದ ಉರುಳಿಬಿಟ್ಟ ದಪ್ಪ ಬಂಡೆಗಳು ಇಳಿಜಾರಿನಲ್ಲಿ ಪುಟಿಯುತ್ತ ಬಂದು ಸಾಲು ಸಾಲಾಗಿ ಜನರನ್ನು ಕೆಡವಿದವು. ಆದರೂ ಒಡಕುಗಳಲ್ಲಿ ಒಳನುಗ್ಗಿದರು. ಹೊರಗೋಡೆಯಿಂದ ಒಳಗೋಡೆಗೆ ಓಡಿದವರ ಬೆನ್ನ ಹಿಂದೆಯೇ ಹೋದದ್ದರಿಂದ ಒಳಬಾಗಿಲನ್ನು ಭದ್ರ ಮಾಡಲು ಅವರಿಗೆ ಸಮಯ ಸಿಗಲಿಲ್ಲ. ಬೆಳಗಾಗುವುದರೊಳಗೆ ಮುಗಿದಿತ್ತು.

ಇಲ್ಲಿ ಒಂದು ನಗೆಯ ಪ್ರಸಂಗವನ್ನು ಅತಿಥಿ ಹೇಳಿದರು. ದಾಳಿಗೆ ಸಿದ್ಧವಾಗಿ ನಿಂತಿದ್ದಾಗ ಯಾರೋ ಸಿಪಾಯಿ, ಗೋಡೆಯ ಕೆಳಗೆ ಮದ್ದು ತುಂಬಿದ ಸುರಂಗವಿದೆಯಂತೆ ಎಂದು ಪಿಸುಗುಟ್ಟಿದನಂತೆ. ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಗಣಿಗೂ ಒಂದೇ ಪದ. ಮೆಡೋಸ್ ಕೂಡಲೇ, ಇದ್ದರೆ ಅದು ಚಿನ್ನದ ಗಣಿಯೇ ಇರಬೇಕು ಎಂದು ತಮಾಷೆ ಮಾಡಿ ಹೆದರಿಕೆ ಓಡಿಸಿದನಂತೆ. “ಚಿನ್ನದ ಗಣಿ ಅವರಿಗೆ ಆಮೇಲೆ ಕೋಲಾರದಲ್ಲಿ ಸಿಕ್ತಲ್ಲ ಬಿಡಿ” ಎಂದು ಗೈಡ್ ಕನ್ನಡದಲ್ಲಿ ಗೊಣಗಿದರು. ನಾನು ಅದನ್ನು ಅನುವಾದ ಮಾಡಿ ಹೇಳಿದಾಗ ಅತಿಥಿ ಜೋರಾಗಿ ನಕ್ಕರು. ಇದೇ ಮೆಡೋಸ್ ನಾಲ್ಕು ತಿಂಗಳ ನಂತರ, ಶ್ರೀರಂಗಪಟ್ಟಣದ ರಾತ್ರಿ ದಾಳಿಯಲ್ಲಿ ತನ್ನ ಪಡೆ ದಾರಿ ತಪ್ಪಿದ ಅವಮಾನಕ್ಕೆ, ಡೇರೆಯೊಳಗೆ ಪಿಸ್ತೂಲಿನಿಂದ ತನಗೆ ತಾನೇ ಹೊಡೆದುಕೊಂಡ. ಬದುಕಿ ಉಳಿದ. ಇದನ್ನೂ ಅತಿಥಿಯೇ ಹೇಳಿದ್ದು, ಈ ಸಲ ನಗದೆ.

ಅವರ ಬಳಿ ಎರಡು ಹಳೆಯ ಪುಸ್ತಕಗಳ ಪ್ರತಿ ಟ್ಯಾಬ್ಲೆಟ್ಟಿನಲ್ಲಿತ್ತು. ಒಂದು ಯುದ್ಧದಲ್ಲಿದ್ದ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ವೃತ್ತಾಂತ. ಇನ್ನೊಂದು ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಹೊರತಂದ ಮೈಸೂರು ಸೀಮೆಯ ದೃಶ್ಯಗಳ ಸಂಪುಟ. ಗೆದ್ದವರು ಬರೆದ ಪುಸ್ತಕಗಳು. ಹತ್ತುವಾಗ ಯಾವ ತುಕಡಿ ಮುಂದಿತ್ತು, ಯಾವ ಕ್ಯಾಪ್ಟನ್ ಮೊದಲು ಒಡಕು ದಾಟಿದ ಎಂಬುದನ್ನು ಇಂಥ ಪುಸ್ತಕಗಳು ಬಿಡದೆ ದಾಖಲಿಸುತ್ತವೆ. ಮುಂದಿನ ಸಾಲಿನಲ್ಲಿ ಯುರೋಪಿಯನ್ನರು ಇದ್ದರೂ ಆ ಸೇನೆಯ ಬಹುಪಾಲು ಮದರಾಸ್ ಕಡೆಯ ಸಿಪಾಯಿಗಳು. ತಮಿಳರು, ತೆಲುಗರು. ನಮ್ಮ ಮನೆಗಳಲ್ಲಿ ಆಡುವ ಮಾತನ್ನೇ ಆಡುವವರು ಗೋಡೆಯ ಎರಡೂ ಕಡೆ ಇದ್ದಿರಬೇಕು. ಕಲ್ಲು ಉರುಳಿಸಿದವರಲ್ಲಿ ಒಬ್ಬನ ಹೆಸರೂ ಇಲ್ಲ. ದಾರಿ ಕಡಿದ ಕೂಲಿಗಳಲ್ಲಿ ಒಬ್ಬನ ಹೆಸರೂ ಇಲ್ಲ.

ಅತಿಥಿ ಈಪ್ರ್ ಪಟ್ಟಣದ ಮೆನಿನ್ ಗೇಟ್ ಎಂಬ ಸ್ಮಾರಕದ ಚಿತ್ರ ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ದೇಹವೂ ಸಿಗದೆ ಹೋದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಅದರ ಗೋಡೆಗಳ ಮೇಲೆ ಕೆತ್ತಿದೆ, ಅವರಲ್ಲಿ ಭಾರತೀಯರೂ ಇದ್ದಾರೆ. ನನಗೆ ತಟ್ಟನೆ ಹೊಳೆದದ್ದು ನಮ್ಮ ಹೊಲಗಳ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳು. ಸಾವಿರ ವರ್ಷದ ಹಿಂದೆ ತುರು ಬಿಡಿಸಲು ಹೋಗಿ ಸತ್ತ ಒಬ್ಬ ಹಳ್ಳಿಗನ ಹೆಸರು, ಅವನ ಊರು, ಅವನಿಗೆ ಬಿಟ್ಟುಕೊಟ್ಟ ಹೊಲ ಎಲ್ಲವೂ ಕಲ್ಲಿನ ಮೇಲೆ ಉಳಿದಿವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸ. ಹೀಗೆ ಹೆಸರು ಉಳಿಸುವ ಪದ್ಧತಿ ಇದ್ದ ನಾಡಿನಲ್ಲಿ, ಎರಡು ನೂರು ಚಿಲ್ಲರೆ ವರ್ಷದ ಹಿಂದೆ ಸತ್ತವರಿಗೆ ಒಂದು ಗೆರೆಯೂ ಇಲ್ಲದೆ ಹೋದದ್ದು ಹೇಗೆ? ಈ ಪ್ರಶ್ನೆ ಕೇಳಿದಾಗ ಗೈಡ್ ಅವರಿಂದ ಬಂದ ಉತ್ತರ ನನಗೆ ಒಪ್ಪಿಗೆಯಾಯಿತು. “ವೀರಗಲ್ಲು ನೆಡೋರು ಊರಿನವರಪ್ಪ. ಊರಿಗೋಸ್ಕರ ಸತ್ತರೆ ಊರು ನೆಡುತ್ತೆ. ಇವರು ಸಂಬಳಕ್ಕೆ ಬಂದೋರು, ಎಲ್ಲಿಂದ್ಲೋ ಬಂದೋರು. ಇವರಿಗೆ ಕಲ್ಲು ನೆಡೋ ಊರು ಯಾವುದು?”

ನಂದಿಯ ಮುಂದಿನ ಚರಿತ್ರೆ ಎಲ್ಲರಿಗೂ ಗೊತ್ತು. ಕಮಿಷನರ್ ಕಬ್ಬನ್ ಬೇಸಿಗೆ ಕಳೆಯಲು ಬಂದ, ಮೈಸೂರು ರಾಜ್ಯದ ಒಂದು ವಿಭಾಗಕ್ಕೇ ನಂದಿದುರ್ಗ ವಿಭಾಗ ಎಂದು ಹೆಸರಾಯಿತು, 1986ರಲ್ಲಿ ಸಾರ್ಕ್ ನಾಯಕರು ಬಂದು ಹೋದರು. ಇದನ್ನು ಬಿಟ್ಟು ಮುಂದೆ ಹೋಗೋಣ.

ಚಿಕ್ಕಬಳ್ಳಾಪುರದಲ್ಲಿ ಊಟ ಮುಗಿಸಿ ಶಿಡ್ಲಘಟ್ಟದ ರಸ್ತೆ ಹಿಡಿದೆವು. ರೇಷ್ಮೆಗೂಡಿನ ಮೂಟೆ ಹೊತ್ತ ಟೆಂಪೋಗಳು, ಹಿಪ್ಪುನೇರಳೆ ತೋಟಗಳು, ಸಾವಿರ ಅಡಿ ಕೊರೆಯುವ ಬೋರ್‌ವೆಲ್ ಲಾರಿಗಳು. ಅತಿಥಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರು. ಅದಕ್ಕೆ ಅರ್ಧ ಗಂಟೆ ಹೋಯಿತು. ಆಮೇಲೆ ಒಳದಾರಿಯಲ್ಲಿ ರಹಮಾನ್‌ಗಡದ ಬುಡಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು.

ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಇದು “ರೈಮನ್‌ಘರ್”. ಎತ್ತರ 4,227 ಅಡಿ, ನಂದಿಗಿಂತ ಆರುನೂರು ಅಡಿಯಷ್ಟೇ ಕಡಿಮೆ. ನಂದಿಗೆ ಟಿಕೆಟ್, ಪಾರ್ಕಿಂಗ್, ಐಸ್‌ಕ್ರೀಮ್ ಇದೆ. ಇಲ್ಲಿ ಒಂದು ಬೋರ್ಡೂ ಇಲ್ಲ. ಗೌಡಿ ಮೊದಲು ತೋಪು ಹೂಡಿದ್ದು ಈ ಬೆಟ್ಟಕ್ಕೆ. ಗೋಡೆ ಒಡೆಯುತ್ತಲೇ ಒಳಗಿದ್ದವರು ಶರಣಾದರು. ಈ ಸುದ್ದಿ ಹೋದ ಮೇಲೆ ಅಂಬಾಜಿದುರ್ಗದವರೂ ಚಿಲ್ಲಂಕೋಟೆಯವರೂ ಕಾದಾಟಕ್ಕೆ ನಿಲ್ಲಲಿಲ್ಲ. ಪುಸ್ತಕದಲ್ಲಿ ಇಷ್ಟಕ್ಕೆ ಕೆಲವೇ ಸಾಲು. ಗೈಡ್ ಕೂಡ ಇಲ್ಲಿ ಹತ್ತು ನಿಮಿಷದಲ್ಲಿ ಮಾತು ಮುಗಿಸಿದರು. ನನಗೆ ಮಾತ್ರ ಕಾಲು ಕೀಳಲಾಗಲಿಲ್ಲ. ಇಲ್ಲಿಯ ಭಾಷೆ, ಗಾಳಿ, ಕುರಿಯ ವಾಸನೆ ನಮ್ಮೂರಿನದೇ.

ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಹತ್ತಿರ ಬಂದರು. “ತಾತಾ, ಮೇಲೆ ಕೋಟೆಗೆ ಯಾರಾದ್ರೂ ಹೋಗ್ತಾರಾ?” ಎಂದು ಕೇಳಿದೆ.

“ಹೋಗ್ತಾರೆ ಸ್ವಾಮಿ. ಅಮಾಸೆ ರಾತ್ರಿ ಹೋಗ್ತಾರೆ. ನಿಧಿ ಅಗೆಯೋಕೆ.”

“ಸಿಕ್ಕಿದೆಯಾ ಯಾರಿಗಾದ್ರೂ?”

“ಸಿಕ್ಕಿದ್ರೆ ನಾನ್ಯಾಕೆ ಕುರಿ ಕಾಯ್ಲಿ?” ಎಂದು ನಕ್ಕರು. ಯುದ್ಧ ನಡೆದದ್ದು ಕೇಳಿದ್ದೀರಾ ಎಂದರೆ, ನಮ್ಮ ಹಿರೀಕರು ಹೇಳ್ತಿದ್ರು, ದಂಡು ಬಂದಾಗ ಜನ ದನಕರು ಹೊಡಕೊಂಡು ಗುಡ್ಡದ ಗವಿಗಳಿಗೆ ಹೋಗಿ ಬಿಡ್ತಿದ್ರು, ಹಗೇವಿನ ಬಾಯಿಗೆ ಮಣ್ಣು ಮುಚ್ಚಿ ಮೇಲೆ ಉತ್ತುಬಿಡ್ತಿದ್ರು ಎಂದರು. ಯಾವ ದಂಡು ಎಂದು ಕೇಳಿದೆ. “ಯಾವುದಾದ್ರೇನು, ದಂಡು ದಂಡೇ. ರಾಗಿ ತಿನ್ನೋಕೆ ಬರ್ತಾವೆ.”

ಈ ಒಂದು ಮಾತನ್ನು ಇಂಗ್ಲಿಷಿಗೆ ತಂದು ಹೇಳುವುದು ನನಗೆ ಕಷ್ಟವಾಯಿತು. ಹೇಳಿದ ಮೇಲೆ ಅತಿಥಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದಿನವಿಡೀ ಅವರು ಬರೆದುಕೊಂಡದ್ದು ನಾನು ನೋಡಿದ್ದು ಅದೊಂದೇ ಸಲ.

ತಾತ ಹೇಳಿದ್ದು 1791ರ ನೆನಪೇ ಆಗಿರಬೇಕೆಂದಿಲ್ಲ. ಈ ಸೀಮೆಯನ್ನು ತುಳಿದ ದಂಡುಗಳಿಗೆ ಲೆಕ್ಕವಿಲ್ಲ. ಮರಾಠರು ಬಂದರು, ಪಾಳೇಗಾರರು ಹೊಡೆದಾಡಿದರು, ಹೈದರ್ ಬಂದ. ಮೊದಲನೇ ಮೈಸೂರು ಯುದ್ಧದಲ್ಲಿ 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರನಿಗೂ ಕರ್ನಲ್ ವುಡ್‌ಗೂ ಭಾರಿ ಕಾಳಗವಾಯಿತು. ಸೋಲುತ್ತಿದ್ದ ಇಂಗ್ಲಿಷರ ಕಡೆಯ ಒಬ್ಬ ಅಧಿಕಾರಿ, ಸ್ಮಿತ್‌ನ ಸೇನೆ ಸಹಾಯಕ್ಕೆ ಬಂತೆಂದು ಸುಳ್ಳು ಜಯಘೋಷ ಹಾಕಿಸಿ ದಿನ ಉಳಿಸಿದ ಕಥೆ ಅಲ್ಲಿಯದು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೂಲಕ ಪ್ರಯಾಣ ಮಾಡುತ್ತ ರೈತರನ್ನು ಬೆಳೆ, ಕೆರೆ, ಕಂದಾಯದ ಬಗ್ಗೆ ಪ್ರಶ್ನಿಸಿ ಬರೆದಿಟ್ಟ. ಯುದ್ಧಗಳಿಂದ ಪಾಳುಬಿದ್ದ ನೆಲ ಅವನ ಪ್ರವಾಸದ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ.

ಇವತ್ತು ಟಿಪ್ಪುವಿನ ಹೆಸರೆತ್ತಿದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಜಗಳ ಶುರು. ನಮ್ಮ ಬ್ಯಾಚಿನ ಗುಂಪಿನಲ್ಲೇ ಇದರಿಂದ ಇಬ್ಬರು ಹೊರಗೆ ಹೋಗಿದ್ದಾರೆ. ಅವನು ವೀರನೇ, ಕ್ರೂರಿಯೇ ಎಂದು ವಾದ ಮಾಡುವ ಯಾರೂ, 1791ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಹಗೇವುಗಳಲ್ಲಿ ರಾಗಿ ಉಳಿಯಿತೇ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನನಗೆ ಈಗ ಆ ಜಗಳಕ್ಕಿಂತ ಈ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಉತ್ತರ ಹುಡುಕಲು ಪುಸ್ತಕಗಳಿಗಿಂತ, ಹಳೆಯ ಮನೆಗಳ ಅಜ್ಜ ಅಜ್ಜಿಯರನ್ನು ಕೇಳುವುದು, ಹಳ್ಳಿಗಳ ಪಾಳು ಹಗೇವು, ಬುರುಜುಗಳನ್ನು ಪಟ್ಟಿ ಮಾಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈಗ ಎಂಟು, ಒಂಬತ್ತರಲ್ಲಿ ಓದುತ್ತಿರುವ ಮಕ್ಕಳು ಪ್ರಾಜೆಕ್ಟ್ ಎಂದು ಅಂತರ್ಜಾಲದಿಂದ ತಾಜ್ ಮಹಲಿನ ಚಿತ್ರ ಅಂಟಿಸುವ ಬದಲು ಇದನ್ನು ಮಾಡಬಹುದು. ಮೇಷ್ಟ್ರುಗಳು ಒಪ್ಪಿದರೆ, ನಕ್ಷೆಯ ಮೇಲೆ ಗುರುತು ಹಾಕಿ ಇಡುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ.

ಕೊನೆಯ ನಿಲ್ದಾಣ ಅಂಬಾಜಿದುರ್ಗ, 4,399 ಅಡಿ. ಕೈಲಾಸಗಿರಿ ಎಂದರೆ ಎಲ್ಲರಿಗೂ ಥಟ್ಟನೆ ಗೊತ್ತಾಗುತ್ತದೆ. ಬಂಡೆಯೊಳಗೆ ಕೊರೆದ ಗುಹಾದೇವಾಲಯಕ್ಕೆ ಭಾನುವಾರ ಬೈಕುಗಳ ಜಾತ್ರೆ. ಈ ಬೆಟ್ಟಕ್ಕೇ 1791ರಲ್ಲಿ ಒಂದು ಠಾಣ್ಯವಿತ್ತು, ಅದು ಗುಂಡು ಹಾರಿಸದೆ ಶರಣಾಯಿತು ಎಂದಾಗ ಅತಿಥಿಗೆ ಅಷ್ಟೇನೂ ಆಸಕ್ತಿ ಬರಲಿಲ್ಲ. ಕಾದಾಟವಿಲ್ಲದ ಕಡೆ ಗೈಡಿಗೂ ತೋರಿಸಲು ಏನಿರುತ್ತದೆ? ನಾನು ಮಾತ್ರ ಯೋಚಿಸಿದ್ದು, ಬಾಗಿಲು ತೆರೆದುಕೊಟ್ಟ ಆ ಹೆಸರಿಲ್ಲದ ಕಿಲ್ಲೇದಾರನಿಂದಾಗಿ ಅಂದು ಎಷ್ಟು ಜನ ಬದುಕಿ ಮನೆಗೆ ಹೋದರೋ ಎಂದು. ಹೇಡಿ ಎಂದು ಕರೆಯಬಹುದು. ಪಕ್ಕದ ಬೆಟ್ಟದ ಗೋಡೆ ಬಿದ್ದದ್ದನ್ನು ಕೇಳಿದವನು, ತನ್ನ ಹತ್ತಿರವಿದ್ದ ಜನ, ನೀರು, ಮದ್ದನ್ನು ಲೆಕ್ಕ ಹಾಕಿದವನು ಅವನು. ನಾನಾದರೆ ಅದನ್ನೇ ಮಾಡುತ್ತಿದ್ದೆ.

ಕೆಳಗೆ ಟೀ ಅಂಗಡಿಯ ಮುಂದೆ ನಿಂತಾಗ ದೂರದಲ್ಲಿ ಢಂ ಎಂದು ಶಬ್ದ ಕೇಳಿ ಅತಿಥಿ ಬೆಚ್ಚಿದರು. ಕ್ವಾರಿ. ನಮಗೆ ಅದು ಅಭ್ಯಾಸವಾಗಿಬಿಟ್ಟಿದೆ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ಎಲ್ಲರಿಗೂ ನೆನಪಿದೆ. ಗೌಡಿಯ ತೋಪು ಒಡೆದದ್ದು ಗೋಡೆಯನ್ನು. ಈಗ ಜಿಲ್ಲೆಯಲ್ಲಿ ಗುಡ್ಡಗಳೇ ಜಲ್ಲಿಯಾಗಿ ಬೆಂಗಳೂರಿಗೆ ಹೋಗುತ್ತಿವೆ. ನಾನು ಕೂತು ಕೆಲಸ ಮಾಡುವ ಹದಿಮೂರು ಅಂತಸ್ತಿನ ಕಟ್ಟಡಕ್ಕೆ ಯಾವ ಗುಡ್ಡ ಸೇರಿದೆಯೋ. ಕೋಟೆ ಇರುವ ಬೆಟ್ಟಗಳನ್ನಾದರೂ ಅಳೆದು, ಗಡಿ ಗುರುತಿಸಿ, ಒಂದು ಬೋರ್ಡು ನೆಟ್ಟು ಉಳಿಸಿಕೊಳ್ಳುವುದು ಗ್ರಾಮ ಪಂಚಾಯಿತಿಗಳ ಕೈಯಲ್ಲೂ ಸ್ವಲ್ಪ ಇದೆ.

ಇನ್ನು ಆ ಕೋಟೆಗಳು ಏನಾದವು ಎಂಬುದು. ನಂದಿ ಬಿದ್ದ ಎರಡು ತಿಂಗಳಿಗೆ, ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ, ಮಾರ್ಚ್ 18ರಂದು ಅಂತಿಮ ಒಪ್ಪಂದ. ಟಿಪ್ಪು ಬಿಟ್ಟುಕೊಟ್ಟ ಅರ್ಧ ರಾಜ್ಯ ಮಲಬಾರ್, ಕೊಡಗು, ದಿಂಡಿಗಲ್, ಬಾರಾಮಹಲ್, ಕೃಷ್ಣಾ ತುಂಗಭದ್ರೆಯ ಕಡೆಯ ಸೀಮೆಗಳು. ನಮ್ಮ ಸೀಮೆ ಅದರಲ್ಲಿ ಬರಲಿಲ್ಲ. ಬೆಂಗಳೂರು, ನಂದಿ, ಈ ಬೆಟ್ಟಗಳೆಲ್ಲ ಟಿಪ್ಪುವಿಗೇ ವಾಪಸ್ಸಾದವು. ದೀಪಾವಳಿಯ ಹಿಂದಿನ ವಾರ ಅಷ್ಟು ಜನ ಸತ್ತು ಹಿಡಿದ ನಂದಿಯನ್ನು ಯುಗಾದಿಯ ಹೊತ್ತಿಗೆ ಒಂದು ಕಾಗದದ ಮೇಲೆ ಹಿಂತಿರುಗಿಸಿದರು. ಅತಿಥಿಗೂ ಇದು ಗೊತ್ತಿತ್ತು, ಆದರೆ ಬೆಟ್ಟದ ಬುಡದಲ್ಲಿ ನಿಂತು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ನಮ್ಮ ಸೀಮೆ ಮೈಸೂರು ಒಡೆಯರ ರಾಜ್ಯಕ್ಕೆ ಸೇರಿತು. ಬೆಟ್ಟದ ಮೇಲೆ ಠಾಣ್ಯ ಇಡುವ ಅಗತ್ಯ ತಪ್ಪಿತು. ರಹಮಾನ್‌ಗಡದಲ್ಲಿ ಗೌಡಿಯ ತೋಪು ಉರುಳಿಸಿದ ಕಲ್ಲುಗಳನ್ನು ಯಾರೂ ಮತ್ತೆ ಎತ್ತಿ ಕಟ್ಟಿದಂತೆ ಕಾಣುವುದಿಲ್ಲ. ಕುರಿಗಳು ಅವುಗಳ ನೆರಳಿನಲ್ಲಿ ಮಲಗುತ್ತವೆ.